ಪಶ್ಚಿಮಕ್ಕೆ ತಿರುಗಿ, ಸ್ವಲ್ಪ ಬಲಕ್ಕೆ

"ಮೇಷ್ಟ್ರೇ, ಪಶ್ಚಿಮ ಯಾವ ಕಡೆ ಬರುತ್ತೆ?"

ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದವನನ್ನು ಯಾರಾದರೂ ಹೀಗೆ ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೇಳಿದವರು ನಮ್ಮ ಮನೆಯ ಬಾಗಿಲು ಕಿಟಕಿ ರಿಪೇರಿಗೆ ಬಂದಿದ್ದ ಬಡಗಿ ಭಾಯಿ. ಮಾಗಡಿ ಕಡೆಯವರು, ಕನ್ನಡ ನನ್ನ ಮೊಮ್ಮಕ್ಕಳದಕ್ಕಿಂತ ಚೆನ್ನಾಗಿದೆ. ಮಧ್ಯಾಹ್ನ ಒಂದೂವರೆಯ ಹೊತ್ತು. ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು, ಮಡಿಸಿದ ಚಾಪೆಯಂಥದೊಂದನ್ನು ಕಂಕುಳಲ್ಲಿಟ್ಟುಕೊಂಡು ಹಾಲಿನಲ್ಲಿ ನಿಂತಿದ್ದರು. ನಾನು ಅಡುಗೆಮನೆ ಕಡೆಯ ಗೋಡೆ ತೋರಿಸಿದೆ. ಯೋಚಿಸುವುದೇನಿದೆ? ನಮ್ಮದು ಪೂರ್ವದ ಬಾಗಿಲಿನ ಮನೆ. ಬಸವೇಶ್ವರನಗರದ ಈ 30-40 ಸೈಟಿಗೆ, 'ಪೂರ್ವ' ಎಂಬ ಒಂದೇ ಮಾತಿಗೆ, ಎದುರು ಸಾಲಿನವರಿಗಿಂತ ಹೆಚ್ಚು ದುಡ್ಡು ಎಣಿಸಿದವನು ನಾನು.

ಭಾಯಿ ಸಂಕೋಚದಿಂದಲೇ ಮೊಬೈಲು ತೆಗೆದು ನೆಲದ ಮೇಲಿಟ್ಟರು. ಪರದೆಯ ಮೇಲಿನ ಮುಳ್ಳು ಒಂದೆರಡು ಸಲ ಓಲಾಡಿ ನಿಂತಿತು. ಅದನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು.

"ನೀವು ತೋರಿಸಿದ್ದು ಪಶ್ಚಿಮ ಅಲ್ಲ ಮೇಷ್ಟ್ರೇ. ಆದ್ರೆ ನನಗೆ ಬೇಕಾಗಿದ್ದು ಅದೇ. ಕಿಬ್ಲಾ ದಾರ ಹಿಡಿದ ಹಾಗೆ ನೇರ ಇದೆ."

ಕಿಬ್ಲಾ ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಮೆಕ್ಕಾದ ಕಾಬಾದ ಕಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮೆಕ್ಕಾ 21ರ ಮೇಲೆ. ಹಾಗಾಗಿ ಇಲ್ಲಿಂದ ಮೆಕ್ಕಾದ ಕಾಬಾಕ್ಕೆ ಮುಖ ಮಾಡಬೇಕಾದರೆ ಪಶ್ಚಿಮಕ್ಕೆ ನಿಂತು ಸುಮಾರು 18 ಡಿಗ್ರಿ ಬಲಕ್ಕೆ ಹೊರಳಬೇಕು. ನಮ್ಮ ಹಿಂದಿನ ಗೋಡೆ ಕರಾರುವಾಕ್ಕಾಗಿ ಅಷ್ಟೇ ಹೊರಳಿಕೊಂಡಿದೆ. ಅಂದರೆ ಮುಂಬಾಗಿಲು ಅಷ್ಟೇ ಆಗ್ನೇಯಕ್ಕೆ ವಾಲಿದೆ. "ವಾಸ್ತು ವಾಸ್ತು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರಲ್ಲ" ಎಂದಳು ನನ್ನ ಹೆಂಡತಿ, ಒಗ್ಗರಣೆ ಸದ್ದಿನ ನಡುವೆ.

ಹೀಗೆ ನಮ್ಮ ಮನೆಯಲ್ಲಿ ಇಸ್ಲಾಮಿನ ಪಾಠ ಶುರುವಾದದ್ದು ದೇವರಿಂದಲ್ಲ, ದಿಕ್ಕಿನಿಂದ. ಹತ್ತು ದಿನದ ಕೆಲಸ ಅಂದದ್ದು ಬಡಗಿ ಕೆಲಸದ ಧರ್ಮದಂತೆ ಇಪ್ಪತ್ತಾಯಿತು, ಅಷ್ಟೂ ದಿನ ನಾನು ಪ್ರಶ್ನೆ ಕೇಳುತ್ತಾ ಹೋದೆ. ಗೋಡೆಯ ಕಡೆ ಬಗ್ಗುವುದು ಎಂದರೆ ಆ ದಿಕ್ಕಿನಲ್ಲಿ ದೇವರಿದ್ದಾನೆ ಅಂತಲೇ? ಅಲ್ಲವಂತೆ. ಕಾಬಾದ ಒಳಗೆ ವಿಗ್ರಹವಿಲ್ಲ. ಮೂರು ಕಂಬ, ಮೇಲೆ ತೂಗುವ ದೀಪಗಳು, ಅಷ್ಟೆ. ಎಲ್ಲರೂ ಒಂದೇ ಕಡೆ ತಿರುಗಲಿ ಎಂದು ಗೊತ್ತು ಮಾಡಿದ ದಿಕ್ಕು ಅದು. ಮೊದಮೊದಲು ಪ್ರವಾದಿ ಮುಹಮ್ಮದರೂ ಅವರ ಸಂಗಡಿಗರೂ ನಮಾಜು ಮಾಡುತ್ತಿದ್ದದ್ದು ಜೆರುಸಲೇಮಿನ ಕಡೆಗೆ. 622ರಲ್ಲಿ ಮದೀನಾಕ್ಕೆ ವಲಸೆ ಹೋದ ಮೇಲೆ ಸುಮಾರು ಒಂದೂವರೆ ವರ್ಷಕ್ಕೆ ದಿಕ್ಕು ಮೆಕ್ಕಾಕ್ಕೆ ತಿರುಗಿತು. ಮುಸ್ಲಿಮರು ವರ್ಷ ಎಣಿಸುವುದು ಪ್ರವಾದಿಗಳ ಹುಟ್ಟಿನಿಂದಲ್ಲ, ಆ ವಲಸೆಯಿಂದ. ಊರು ಬಿಟ್ಟು ಬೆಂಗಳೂರು ಸೇರಿದವರೆಲ್ಲ ಹಾಗೆ ಎಣಿಸಿದರೆ ರಾಜಾಜಿನಗರದಿಂದ ಕೆಂಗೇರಿವರೆಗೆ ಎಷ್ಟು ಶಕೆಗಳಾಗುತ್ತಿದ್ದವೋ!

"ಹಾಗಾದ್ರೆ ಕಾಬಾದ ಅಂಗಳದಲ್ಲೇ ಇರೋರು ಯಾವ ಕಡೆ ತಿರುಗ್ತಾರೆ?" ಎಂದೆ. "ಸುತ್ತ ನಿಲ್ತಾರೆ" ಎಂದರು. ಒಬ್ಬ ಪೂರ್ವಕ್ಕೆ, ಎದುರಿನವನು ಪಶ್ಚಿಮಕ್ಕೆ, ಇನ್ನೊಬ್ಬ ದಕ್ಷಿಣಕ್ಕೆ. ಪೂರ್ವದ ಸೈಟಿಗೆ ಹೆಚ್ಚು ರೇಟು ಇಲ್ಲದ ಒಂದು ಜಾಗ ಭೂಮಿಯ ಮೇಲಿದೆ ಎಂದಾಯಿತು.

ನೀರಿನ ಪ್ರಸಂಗವನ್ನೂ ಹೇಳಬೇಕು. ನಮಾಜಿಗೆ ಮುಂಚೆ ವುಜು ಮಾಡಬೇಕು ಎಂದಾಗ ನಾನು ಹಿತ್ತಿಲ ನಲ್ಲಿ ತೋರಿಸಿದೆ. ಅವರು ನಲ್ಲಿ ಬಿಟ್ಟು ಒಂದು ಚೊಂಬು ಕೇಳಿದರು. ಕೈ ಮಣಿಕಟ್ಟಿನವರೆಗೆ, ಬಾಯಿ ಮುಕ್ಕಳಿಸುವುದು, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಲ್ಲಿ ತಲೆ ಸವರುವುದು, ಕೊನೆಗೆ ಹರಡಿನವರೆಗೆ ಕಾಲು. ಎಲ್ಲ ಮುಗಿದ ಮೇಲೂ ಚೊಂಬಿನ ತಳದಲ್ಲಿ ನೀರು ಉಳಿದಿತ್ತು. ಪ್ರವಾದಿಗಳು ಒಂದು 'ಮುದ್ದ್' ನೀರಲ್ಲಿ, ಅಂದರೆ ಮುಕ್ಕಾಲು ಲೀಟರಿಗೆ ಮೀರದ ನೀರಲ್ಲಿ, ಇಷ್ಟನ್ನೂ ಮುಗಿಸುತ್ತಿದ್ದರಂತೆ. ನೀರೇ ಸಿಗದಿದ್ದರೆ ಶುದ್ಧವಾದ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಂಡರೂ ಸಾಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿನವನ ಕಾಲು ಹಿಡಿದ ನಮಗೆ ಯಾರಾದರೂ ಇದನ್ನು ಮೊದಲೇ ಹೇಳಬಾರದಿತ್ತೇ! ನನ್ನ ತಾತ ಸಂಧ್ಯಾವಂದನೆಗೆ ಉದ್ಧರಣೆ ನೀರಲ್ಲಿ ಆಚಮನ ಮಾಡುತ್ತಿದ್ದುದು ನೆನಪಾಯಿತು. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಉದ್ಧರಣೆ ಶೋಕೇಸು ಸೇರಿದೆ.

ದಿನಕ್ಕೆ ಐದು ಹೊತ್ತು: ಫಜರ್, ಜುಹರ್, ಅಸರ್, ಮಗ್ರಿಬ್, ಇಶಾ. ಕಡ್ಡಾಯದ ರಕಾತ್‌ಗಳು, ಅಂದರೆ ನಿಂತು ಬಗ್ಗಿ ಮಣಿಯುವ ಸುತ್ತುಗಳು, ಎರಡು, ನಾಲ್ಕು, ನಾಲ್ಕು, ಮೂರು, ನಾಲ್ಕು, ಒಟ್ಟು 17. ವಿಜಯನಗರದಲ್ಲಿ ಬಾಡಿಗೆಗಿದ್ದಾಗ ಫಜರ್ ಅಜಾನ್ ಕೇಳಿಯೇ ನಾನು ಎದ್ದು ಹಾಲಿಗೆ ಹೋಗುತ್ತಿದ್ದದ್ದು. ಆ ಒಂದು ಅಜಾನಿನಲ್ಲಿ ಮಾತ್ರ ನಿದ್ದೆಯ ಬಗ್ಗೆ ಒಂದು ಸಾಲು ಹೆಚ್ಚಿಗೆ ಇದೆ ಎಂದು ಗೊತ್ತಾಗಲು ನಿವೃತ್ತನಾಗಬೇಕಾಯಿತು. ಮೊಟ್ಟಮೊದಲು ಅಜಾನ್ ಕೂಗಿದ ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕಾ ಮೂಲದವರು. ಕಂಠ ಚೆನ್ನಾಗಿತ್ತು, ಕೂಗಿದರು. ಕುಲ ಗೋತ್ರ ಯಾರೂ ಕೇಳಲಿಲ್ಲ.

ತರಗತಿಯಲ್ಲಿ ನಾನು ಒಂದು ತಪ್ಪು ಹೇಳುತ್ತಿದ್ದೆ, ಈಗ ಒಪ್ಪಿಕೊಂಡುಬಿಡುತ್ತೇನೆ. ಹಿಂದೂಗಳಿಗೆ ರಾಮ ಹೇಗೋ ಮುಸ್ಲಿಮರಿಗೆ ಮುಹಮ್ಮದರು ಹಾಗೆ ಎನ್ನುತ್ತಿದ್ದೆ. ಭಾಯಿ ಉಳಿ ಕೆಳಗಿಟ್ಟರು. ಪ್ರವಾದಿಗಳು ಮನುಷ್ಯರು, ದೇವರ ಸಂದೇಶ ತಂದವರು. ಪೂಜೆ ಅವರಿಗೆ ಸಲ್ಲದು, ಅಲ್ಲಾಹನೊಬ್ಬನಿಗೆ ಮಾತ್ರ. ಅವನಿಗೆ ಆಕಾರವಿಲ್ಲ, ಸಂತಾನವಿಲ್ಲ, ಜೊತೆಗಾರರಿಲ್ಲ. ಕಲಿಮಾದಲ್ಲಿ ಹೇಳುವುದು ಇವೇ ಎರಡು ಮಾತು: ಅವನೊಬ್ಬನೇ ಆರಾಧ್ಯ, ಮುಹಮ್ಮದರು ಅವನ ದೂತರು. ಆದಮ್, ಇಬ್ರಾಹೀಮ್, ಮೂಸಾ, ಈಸಾ ಎಲ್ಲ ಅದೇ ಸಾಲಿನವರು, ಮುಹಮ್ಮದರು ಕೊನೆಯವರು. ಈಸಾ ಅಂದರೆ ನಮ್ಮ ಬೀದಿ ಕೊನೆಯ ಚರ್ಚಿನ ಯೇಸುವೇ. ದೇವದೂತರು, ಗ್ರಂಥಗಳು, ಕಡೆಯ ದಿನದ ವಿಚಾರಣೆ, ವಿಧಿ, ಇವನ್ನೂ ನಂಬಬೇಕು. ವಿಧಿಯ ಬಗ್ಗೆ ನಾನು ತರ್ಕ ತೆಗೆದೆ. "ಅದನ್ನೆಲ್ಲ ಮಸೀದಿ ಹಜರತರ ಹತ್ರ ಕೇಳಿ, ನಾನು ಬಾಗಿಲು ಮಾಡೋನು" ಎಂದು ಮತ್ತೆ ಉಳಿ ಹಿಡಿದರು.

ಮೇಷ್ಟ್ರ ಕೆಲಸ ಮಾಡಿದವನಿಗೆ ಹಿಡಿಸಿದ್ದು ಬೇರೆ. 610ರ ಸುಮಾರಿಗೆ ಹಿರಾ ಗುಹೆಯಲ್ಲಿ ಪ್ರವಾದಿಗಳಿಗೆ ಇಳಿದ ಮೊದಲ ಆಜ್ಞೆ ಓದು ಎಂಬುದು. ಆಜ್ಞೆ ಬಂದದ್ದು ಅಕ್ಷರ ಕಲಿಯದವರಿಗೆ ಎನ್ನುತ್ತದೆ ಸಂಪ್ರದಾಯ. ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಗಳ ಬದುಕನ್ನು ಕಾದಂಬರಿ ಮಾಡಿದಾಗ ಇಟ್ಟ ಹೆಸರೂ 'ಓದಿರಿ'.

ಅಷ್ಟರಲ್ಲಿ ರಂಜಾನ್ ಬಂತು. ಹೆಂಡತಿ ಅಭ್ಯಾಸಬಲದಿಂದ ನಾಲ್ಕು ಗಂಟೆಗೆ ಕಾಫಿ ತಂದಿಡುವುದು, ನಾಲಿಗೆ ಕಚ್ಚಿಕೊಂಡು ಒಳಗೆ ಒಯ್ಯುವುದು ಮೂರು ದಿನ ನಡೆಯಿತು. ಬೆಳಕು ಮೂಡುವ ಮುಂಚಿನಿಂದ ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ನಮ್ಮ ಏಕಾದಶಿಯ ಅವಲಕ್ಕಿ ಉಪ್ಪಿಟ್ಟು ನೆನೆದು ನಾನು ತೆಪ್ಪಗಾದೆ. ಈ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಮುಂಚೆ ಬರುವುದೇಕೆ ಎಂಬುದು ಮಾತ್ರ ನನ್ನ ವಿಷಯ. ಚಾಂದ್ರಮಾನ ನಮ್ಮದೂ ಹೌದು. 354 ದಿನದ ಆ ವರ್ಷಕ್ಕೆ ನಾವು ಆಗಾಗ ಅಧಿಕ ಮಾಸದ ತೇಪೆ ಹಾಕಿ ಯುಗಾದಿಯನ್ನು ಬೇವು ಚಿಗುರುವ ಕಾಲಕ್ಕೇ ಕಟ್ಟಿಹಾಕುತ್ತೇವೆ. ಇಸ್ಲಾಮು ಆ ತೇಪೆಯನ್ನು ನಿಷೇಧಿಸಿತು. ಹಾಗಾಗಿ ರಂಜಾನ್ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2030ರಲ್ಲಿ ಜನವರಿಗೊಂದು, ಡಿಸೆಂಬರಿಗೊಂದು, ಎರಡು ರಂಜಾನ್ ಶುರುವಾಗಲಿವೆ.

ಕಡ್ಡಾಯ ದಾನವಾದ ಜಕಾತಿನ ಲೆಕ್ಕಕ್ಕೂ ಅದೇ ಚಂದ್ರನ ವರ್ಷ, ಮಾರ್ಚ್ 31 ಅಲ್ಲ. 87.48 ಗ್ರಾಂ ಚಿನ್ನದ ಅಥವಾ 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ವರ್ಷವಿಡೀ ಕೈಯಲ್ಲಿದ್ದರೆ ನಲವತ್ತರಲ್ಲೊಂದು ಪಾಲು ಬಡವರಿಗೆ. ಹೆತ್ತವರಿಗೋ ಮಕ್ಕಳಿಗೋ ಕೊಟ್ಟರೆ ಅದು ಜಕಾತ್ ಆಗುವುದಿಲ್ಲ, ಅವರನ್ನು ಸಾಕುವುದು ಹೇಗೂ ನಿಮ್ಮ ಪಾಲಿನ ಕೆಲಸ. ಹಜ್ ಮಾತ್ರ ಶಕ್ತಿ ಇದ್ದವರಿಗೆ, ಜೀವನದಲ್ಲಿ ಒಂದು ಸಲ. ಭಾಯಿ ಅದಕ್ಕೆಂದು ಚೀಟಿ ಹಾಕಿದ್ದಾರೆ.

ಎಲ್ಲರೂ ಒಂದೇ ಎರಕ ಎಂದುಕೊಳ್ಳಬೇಡಿ. ಕರಗ ಹಾದುಹೋಗುವ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭಾಯಿ ತಪ್ಪದೆ ಹೋಗುತ್ತಾರೆ. ಅವರ ಮಗ ಗೋರಿಗೆ ಕೈಮುಗಿಯುವುದು ಸರಿಯಲ್ಲ ಎಂದು ಹೊರಗೇ ನಿಲ್ಲುತ್ತಾನೆ. ಇಬ್ಬರೂ ನಮಾಜಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇಷ್ಟು ವರ್ಷ ಮಸೀದಿಯೊಳಗೆ ಕಾಲಿಡದೆ ಇದ್ದದ್ದಕ್ಕೆ ನನ್ನ ಹತ್ತಿರ ನೆಪವಿಲ್ಲ. 2020ರ ಜನವರಿಯಲ್ಲಿ ಟಾಸ್ಕರ್ ಟೌನಿನ ಮೋದಿ ಮಸೀದಿಯವರು ಎಲ್ಲ ಧರ್ಮದವರನ್ನೂ ಒಳಗೆ ಕರೆದಿದ್ದರು. ಹೆಸರು ನೋಡಿ ಹುಬ್ಬೇರಿಸಬೇಡಿ, ಅದು 19ನೇ ಶತಮಾನದ ಮೋದಿ ಅಬ್ದುಲ್ ಗಫೂರ್ ಎಂಬ ವ್ಯಾಪಾರಿಯದು. ಪತ್ರಿಕೆಯಲ್ಲಿ ಓದಿ, ಹೋಗಬೇಕು ಅಂದುಕೊಂಡು, ಹೋಗಲಿಲ್ಲ.

ಕೊನೆಯ ದಿನ ಲೆಕ್ಕ ಚುಕ್ತಾ ಮಾಡುವಾಗ ಭಾಯಿ ಮೇಲಕ್ಕೆ ನೋಡಿ ಕೇಳಿದರು. "ಮೇಲಿನ ಮನೆ ಖಾಲಿ ಇದೆಯಲ್ಲ ಮೇಷ್ಟ್ರೇ? ನಮ್ಮ ಅಳಿಯ ಈ ಕಡೆಯೇ ಹುಡುಕ್ತಾ ಇದ್ದಾನೆ. ಸಿಗ್ತಾ ಇಲ್ಲ."

ನಾನು ನೋಟು ಎರಡನೇ ಸಲ ಎಣಿಸತೊಡಗಿದೆ. ಎರಡು ವರ್ಷದ ಹಿಂದೆ 'ಬಾಡಿಗೆಗಿದೆ' ಬೋರ್ಡು ನೋಡಿ ಬಂದಿದ್ದ ಒಂದು ಸಂಸಾರಕ್ಕೆ, ಹೆಸರು ಕೇಳಿದ ಮೇಲೆ, "ಅಯ್ಯೋ, ನೆನ್ನೆ ತಾನೇ ಹೋಯ್ತಲ್ಲ" ಎಂದವನು ನಾನೇ. ಬೋರ್ಡು ಆಮೇಲೂ ಮೂರು ತಿಂಗಳು ಗೇಟಿಗೆ ತೂಗುತ್ತಿತ್ತು. ಮೂರನೇ ಸಲ ಎಣಿಸುವುದರೊಳಗೆ ಅಡುಗೆಮನೆಯಿಂದ ದನಿ ಬಂತು.

"ಅಡ್ವಾನ್ಸ್ ಹತ್ತು ತಿಂಗಳದ್ದು ಭಾಯಿ."

"ಐದು ಮಾಡ್ಕೊಳ್ಳಿ ಅಮ್ಮ."

"ಕಿಬ್ಲಾ ಅಷ್ಟು ನೇರ ಇರೋ ಮನೆಗೆ ಐದಾ?"

ಏಳಕ್ಕೆ ನಿಂತಿತು.