ಪಹಣಿ, ಹೊಲ ಮತ್ತು ಎಂಕೆನಾಡ್

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಬಿಡುವಾಯ್ತು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ದುದ್ದ, ಹಾಸನ ತಾಲ್ಲೂಕು. ಮನೆಯ ಹಳೇ ಕಂಪ್ಯೂಟರ್ ಶುರುವಾಗ್ತಿಲ್ಲ ಅಂತ ಅಪ್ಪ ಮೊದಲೇ ಫೋನಲ್ಲಿ ಹೇಳಿದ್ರು. ಕರೆಂಟು ಹೋಗಿ ಬಂದು ಮಾಡಿ, ಲಿನಕ್ಸ್ ಅರ್ಧಕ್ಕೇ ನಿಂತುಬಿಡ್ತಿತ್ತು. ಕಂಪ್ಯೂಟರ್ ಹೋದ್ರೆ ಹೋಗ್ಲಿ, ಅದರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಇತ್ತು. ಅಜ್ಜಿ ಈಗಿಲ್ಲ. ಇನ್ನೊಂದು ಪ್ರತಿ ನಾನು ಮಾಡಿಟ್ಟಿರಲಿಲ್ಲ. (ಬೈಯಬೇಡಿ, ಅಮ್ಮ ಆಗಲೇ ಬೈದಾಗಿದೆ.)

ಹಳೇ ರೆಸ್ಕ್ಯೂ ಸೀಡಿ ಹಾಕಿದೆ. ಕಪ್ಪು ಪರದೆ ಬಂತು. /ಪ್ರಾಕ್/ಪಾರ್ಟಿಷನ್ಸ್ ತೆರೆದು ನೋಡಿದ್ರೆ ಕರ್ನಲ್‌ಗೆ ಡಿಸ್ಕ್ ಕಾಣಿಸ್ತಾ ಇದೆ: 8, 1, ಎಸ್‌ಡಿಎ1. ಆದ್ರೆ /ಡೆವ್ ಒಳಗೆ ಆ ಹೆಸರಿನ ಫೈಲೇ ಇಲ್ಲ! ಫೈಲಿಲ್ಲದೆ ಮೌಂಟ್ ಮಾಡೋದು ಹೇಗೆ? ಫೈಲನ್ನು ನಾವೇ ಹುಟ್ಟಿಸಬೇಕು:

ಎಂಕೆನಾಡ್ /ಡೆವ್/ಎಸ್‌ಡಿಎ1 ಬಿ 8 1

'ಬಿ' ಅಂದ್ರೆ ಬ್ಲಾಕ್ ಸಾಧನ. ಕೀಬೋರ್ಡು, ಟರ್ಮಿನಲ್ ಥರದ್ದಾದ್ರೆ 'ಸಿ', ಅಂದ್ರೆ ಕ್ಯಾರೆಕ್ಟರ್. 8 ಮೇಜರ್ ನಂಬರ್, ಯಾವ ಡ್ರೈವರ್ ಅನ್ನೋದನ್ನ ಹೇಳುತ್ತೆ. 1 ಮೈನರ್ ನಂಬರ್, ಆ ಡ್ರೈವರ್ ಕೈಕೆಳಗಿನ ಯಾವ ಭಾಗ ಅನ್ನೋದು. ಪೆನ್‌ಡ್ರೈವ್ ಎರಡನೇ ಡಿಸ್ಕ್ ಆದ್ದರಿಂದ ಅದರ ಮೊದಲ ಭಾಗಕ್ಕೆ 8, 17. ಅದಕ್ಕೂ ಒಂದು ಫೈಲ್ ಮಾಡಿದೆ.

ಪಕ್ಕದಲ್ಲಿ ಕೂತಿದ್ದ ಅಪ್ಪ, "ಹೊಸ ಡಿಸ್ಕ್ ಮಾಡಿದ್ಯೇನೋ?" ಅಂದ್ರು. ಇಲ್ಲಪ್ಪ, ಈ ಫೈಲೊಳಗೆ ಏನೂ ಇಲ್ಲ, ಬರೀ ಎರಡು ನಂಬರು ಅಂದೆ. "ಓ, ಪಹಣಿ ಥರ. ಸರ್ವೆ ನಂಬರ್, ಹಿಸ್ಸಾ ನಂಬರ್. ಪಹಣಿ ಹರಿದುಹೋದ್ರೆ ಹೊಲ ಹೋಗಲ್ಲ. ಪಹಣಿ ಬರೆದ ಮಾತ್ರಕ್ಕೆ ಹೊಲ ಬರಲ್ಲ" ಅಂದ್ರು.

ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಬಿಡಿ! ಇಲ್ಲದ ಡಿಸ್ಕಿಗೂ ಎಂಕೆನಾಡ್ ಫೈಲ್ ಮಾಡಿಕೊಡುತ್ತೆ, ತೆರೆಯಲು ಹೋದಾಗಲೇ ಬಣ್ಣ ಬಯಲಾಗೋದು. ಆ ಫೈಲನ್ನ ಅಳಿಸಿದ್ರೂ ಡಿಸ್ಕಿನ ಒಂದಕ್ಷರ ಅಳಿಯಲ್ಲ. ಸಾಧನದ ಫೈಲ್ ಮಾಡೋ ಅಧಿಕಾರ ರೂಟ್‌ಗೆ ಮಾತ್ರ ಇರೋದೂ ಇದಕ್ಕೇ. ಯಾರು ಬೇಕಾದ್ರೂ ಡಿಸ್ಕಿಗೆ ಪಹಣಿ ಬರ್ಕೊಂಡ್ರೆ, ಎಲ್ಲರ ಫೈಲುಗಳ ಅನುಮತಿಯನ್ನೂ ದಾಟಿ ನೇರವಾಗಿ ಓದಿಬಿಡಬಹುದು.

ಈಗ ಇದರ ಅಗತ್ಯ ಕಮ್ಮಿ. 2009ರಲ್ಲಿ ಬಂದ 2.6.32 ಕರ್ನಲ್‌ನಿಂದ ಡೆವ್‌ಟಿಎಂಪಿಎಫ್‌ಎಸ್ ಇದೆ, ಕರ್ನಲ್ ತಾನೇ ಈ ಫೈಲುಗಳನ್ನ ಮಾಡಿಕೊಳ್ಳುತ್ತೆ. ನನ್ನ ಸೀಡಿ ಅದಕ್ಕೂ ಹಳೇದು, ಅಷ್ಟೇ.

ಓದಲು ಮಾತ್ರ ಅಂತ ಮೌಂಟ್ ಮಾಡಿದೆ. ಫೋಲ್ಡರ್ ಬಂತು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪಲ್ಲಿ ಮೊದಲನೇದನ್ನ ಹಾಕಿದೆ. ಅಜ್ಜಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಶುರು ಮಾಡಿದ್ರು. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ಫ್ಯಾನ್ ಆರಿಸಿದ್ರು, ಸರಿಯಾಗಿ ಕೇಳಲಿ ಅಂತ.

ಈಗ ಮೂರು ಕಡೆ ಪ್ರತಿ ಇದೆ. ನಿಮ್ಮನೇಲೂ ಇಂಥದ್ದೇನಾದ್ರೂ ಇದ್ರೆ ಇವತ್ತೇ ಪ್ರತಿ ಮಾಡಿಡಿ. ಪಹಣಿ ಮತ್ತೆ ಬರೆಯಬಹುದು, ಹೊಲ ಆಗಲ್ಲ.