ಅಮಿನಿಗೆ ಹೋಗುವ ದಾರಿ

ಲಕ್ಷದ್ವೀಪದ ಅಮಿನಿ ದ್ವೀಪ ಮಂಗಳೂರಿನಿಂದ ಸಮುದ್ರದ ಮೇಲೆ ಸುಮಾರು 300 ಕಿಲೋಮೀಟರ್. ಕೊಚ್ಚಿಯಿಂದಾದರೆ 400ಕ್ಕೂ ಹೆಚ್ಚು. ಆದರೆ ನನಗೆ ಸಿಗುವ ಪ್ರಯಾಣಿಕರ ಹಡಗು ಹೊರಡುವುದು ಕೊಚ್ಚಿಯಿಂದ. ಹಾಗಾಗಿ ಮಂಗಳೂರಿನವಳಾದ ನಾನು ಮೊದಲು ದಕ್ಷಿಣಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗು ಹತ್ತಿ ವಾಯವ್ಯಕ್ಕೆ ಬರಬೇಕು. ಮೂರು ವಾರದಿಂದ ನನ್ನ ನೋಟ್‌ಬುಕ್ಕಿನ ತುಂಬ ಈ ಸುತ್ತುದಾರಿಯ ಲೆಕ್ಕವೇ.

ಹಿಂದೆ ಹೀಗಿರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ಸೌತ್ ಕೆನರಾ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿನವರಿಗೂ ಕಲೆಕ್ಟರ್ ಎಂದರೆ ಮಂಗಳೂರಿನಲ್ಲಿ ಕೂತವರೇ. ದ್ವೀಪದ ಹೆಂಗಸರು ತೆಂಗಿನ ನಾರನ್ನು ಹೊಸೆದು ಹುರಿ ಮಾಡುತ್ತಿದ್ದರು. ಆ ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ಗಂಡಸರು ಅದನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ತುಂಬಿಸಿ ಮಂಗಳೂರಿಗೆ ತಂದು, ಸರ್ಕಾರ ಗೊತ್ತು ಮಾಡಿದ ದರದಲ್ಲಿ ಅಕ್ಕಿ ಪಡೆದು ಮರಳುತ್ತಿದ್ದರು. ನನ್ನ ಪಿಎಚ್.ಡಿ. ಈ ಹುರಿ ಮತ್ತು ಅಕ್ಕಿಯ ಮೇಲೆ. ನಾಲ್ಕು ವರ್ಷ ಕಡತಗಳನ್ನು ಓದಿದ್ದೇನೆ. ಎಷ್ಟು ಹುರಿ ಬಂತು, ಎಷ್ಟು ಅಕ್ಕಿ ಹೋಯಿತು ಎಂಬುದು ಅವುಗಳಲ್ಲಿ ಸಿಗುತ್ತದೆ. ಅಕ್ಕಿ ತೀರಿದ ತಿಂಗಳು ಮನೆಯಲ್ಲಿ ಏನು ಬೇಯಿಸಿದರು ಎಂಬುದು ಸಿಗುವುದಿಲ್ಲ.

ಅದನ್ನು ಹೇಳಬಲ್ಲ ಒಬ್ಬರು ಅಮಿನಿಯಲ್ಲಿದ್ದಾರೆ. ನನ್ನ ಜೊತೆ ಎಂ.ಎ. ಓದಿದ ದ್ವೀಪದ ಗೆಳತಿಯ ಅಜ್ಜ. ಹುಡುಗನಾಗಿದ್ದಾಗ ಅಪ್ಪನ ಜೊತೆ ಓಡಂನಲ್ಲಿ ಮಂಗಳೂರು ಬಂದರಿಗೆ ಬಂದವರು. ಈಗ ಎಂಬತ್ತು ದಾಟಿದೆ. ಫೋನಿನಲ್ಲಿ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಎದುರಿಗೆ ಕೂತೇ ಮಾತಾಡಬೇಕು.

ಮಾತಾಡಲು ದಿನವೂ ಕೂಡಿಬರಬೇಕಲ್ಲ. ಲಕ್ಷದ್ವೀಪಕ್ಕೆ ಕಾಲಿಡಲು ಪರ್ಮಿಟ್ ಬೇಕು. ಪ್ರವಾಸಿಯಾಗಿ ಪ್ಯಾಕೇಜಿನಲ್ಲಿ ಹೋಗುವವರ ದಾರಿ ಬೇರೆ. ನನ್ನಂಥವರ ಪರವಾಗಿ ದ್ವೀಪದ ಮನೆಯೊಂದು ಮುಂದೆ ನಿಲ್ಲಬೇಕು. ಗೆಳತಿಯ ಅಪ್ಪ ಒಪ್ಪಿದ್ದಾರೆ. ಪೊಲೀಸ್ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಬಂದಿದ್ದೇನೆ. ಅದು ಕೈಗೆ ಬಂದ ಮೇಲೆ ಪರ್ಮಿಟ್, ಪರ್ಮಿಟ್ ಬಂದ ಮೇಲೆ ಹಡಗಿನ ಟಿಕೆಟ್. ಮಲಬಾರ್ ಎಕ್ಸ್‌ಪ್ರೆಸ್ ಸಂಜೆ ಮಂಗಳೂರು ಬಿಟ್ಟರೆ ಬೆಳಕು ಹರಿಯುವ ಮೊದಲೇ ಎರ್ನಾಕುಲಂ. ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆ. ಹಡಗು ಯಾವ ಯಾವ ದ್ವೀಪ ಮುಟ್ಟಿ ಹೋಗುತ್ತದೆ ಎಂಬುದರ ಮೇಲೆ ಒಂದು ರಾತ್ರಿಯೋ ಇನ್ನೂ ಹೆಚ್ಚೋ. ಹವಳದ ದಿಬ್ಬದೊಳಗಿನ ತಿಳಿನೀರಿಗೆ ದೊಡ್ಡ ಹಡಗು ನುಗ್ಗುವಂತಿಲ್ಲ. ಹೊರಗೇ ನಿಂತಾಗ ಅಲೆಗೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಇಳಿಯಬೇಕು. ಹೋಗುವ ಹಡಗು ಸಿಕ್ಕರೆ ಸಾಲದು, ಮರಳುವ ಹಡಗಿನ ದಿನವೂ ಹೊಂದಬೇಕು. ಇದೆಲ್ಲ ಮೇ ತಿಂಗಳ ನಡುವಿನೊಳಗೆ. ಮಳೆಗಾಲದ ಕಡಲು ಎದ್ದಿತೆಂದರೆ ಸೆಪ್ಟೆಂಬರ್‌ವರೆಗೆ ಹಡಗುಗಳ ಓಡಾಟ ನೆಚ್ಚುವಂತಿಲ್ಲ. ಓಡಂಗಳೂ ಮಳೆಗೆ ಮೊದಲೇ ಊರು ಸೇರುತ್ತಿದ್ದವು. ಆ ವಿಷಯದಲ್ಲಿ ನನಗೂ ಅವರಿಗೂ ಒಂದೇ ಪಂಚಾಂಗ.

ಗೈಡ್ ಸರ್ ವಿಮಾನದಲ್ಲಿ ಹೋಗಮ್ಮ ಎಂದರು. ಲಕ್ಷದ್ವೀಪದ ಒಂದೇ ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ. ಅಲ್ಲಿಂದ ಅಮಿನಿಗೆ ಮತ್ತೆ ಸಮುದ್ರವೇ ದಾರಿ. ಫೆಲೋಶಿಪ್ ಹಣ ಬಂದು ನಾಲ್ಕು ತಿಂಗಳಾಯಿತು ಎಂಬುದು ಇನ್ನೊಂದು ಕಾರಣ. ಬಂಕ್ ಕ್ಲಾಸ್ ಸಾಕು.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಕಡಲ ತೀರದಲ್ಲೇ ಹುಟ್ಟಿ ಬೆಳೆದವಳಾದರೂ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ. "ಆ ಅಜ್ಜನನ್ನೇ ಇಲ್ಲಿಗೆ ಕರೆಸಬಾರದಾ?" ಎಂದಳು. ಅವರು ಬರುತ್ತಿದ್ದ ಕಾಲ ಮುಗಿಯಿತಮ್ಮ, ಈಗ ನಮ್ಮ ಸರದಿ ಎಂದೆ.

ನಿನ್ನೆ ಗೆಳತಿ ಫೋನ್ ಮಾಡಿದ್ದಳು. ಮಂಗಳೂರಿನಿಂದ ಒಬ್ಬಳು ಬರುತ್ತಾಳೆ ಎಂದು ಅಜ್ಜನಿಗೆ ಕಿವಿಯ ಹತ್ತಿರ ಕೂಗಿ ಹೇಳಿದಳಂತೆ. ಯಾಕೆ, ಏನು ಎಂದು ಅವರು ಕೇಳಲಿಲ್ಲ. "ಅಕ್ಕಿ ತರುತ್ತಾಳಾ?" ಎಂದರಂತೆ.

ಸಾಮಾನಿನ ಪಟ್ಟಿಯಲ್ಲಿ ರೆಕಾರ್ಡರ್, ವಾಂತಿಯ ಮಾತ್ರೆ, ಪರ್ಮಿಟ್‌ನ ಮೂರು ಜೆರಾಕ್ಸ್ ಇದ್ದವು. ಕೆಳಗೆ ಐದು ಕಿಲೋ ಕುಚ್ಚಲಕ್ಕಿ ಎಂದು ಬರೆದುಕೊಂಡೆ.