ಮೋರ್ಗೋನಿನ ಕೆಂಪು

ವೈನಿನಲ್ಲಿ ಗಾಂಭೀರ್ಯವನ್ನೇ ಪರಮಗುಣವೆಂದೆಣಿಸಿ, ದಶಕಗಳ ಕಾಲ ನೆಲಮಾಳಿಗೆಯಲ್ಲಿ ಮಲಗಿ ಬೆಲೆ ಬೆಳೆಸಿಕೊಂಡ ಸೀಸೆಗಳ ಮುಂದೆ ಕೈಮುಗಿಯುವ ರಸಿಕರುಂಟು. ನನ್ನ ಒಲವಾದರೋ ಲಿಯೋನ್ ನಗರದ ಉತ್ತರಕ್ಕೆ ಹಬ್ಬಿರುವ ಬೋಜೊಲೆ ಗುಡ್ಡಗಳ ಗಾಮೆ ಎಂಬ ದ್ರಾಕ್ಷಿಯ ಮೇಲೆ, ಅದರಲ್ಲಿಯೂ ಮೋರ್ಗೋನಿನ ಮಾರ್ಸೆಲ್ ಲಾಪಿಯೇರರ ಮನೆತನದ ಕೆಂಪು ವೈನಿನ ಮೇಲೆ. ಗಾಮೆಗೆ ಕುಲಪ್ರತಿಷ್ಠೆಯಿಲ್ಲ. 1395ರಷ್ಟು ಹಿಂದೆಯೇ ಬರ್ಗಂಡಿಯ ಡ್ಯೂಕ್ ಫಿಲಿಪನು ಅದನ್ನು ಕೆಟ್ಟ ಬಳ್ಳಿಯೆಂದು ಜರೆದು, ತನ್ನ ಸೀಮೆಯಿಂದ ಕಿತ್ತೊಗೆಯಬೇಕೆಂದು ಆಜ್ಞೆ ಹೊರಡಿಸಿದನು. ದೊರೆಯ ಅವಕೃಪೆಗೆ ಪಾತ್ರವಾದ ಆ ಬಳ್ಳಿ, ದಕ್ಷಿಣದಲ್ಲಿ ಗ್ರಾನೈಟು ಶಿಥಿಲವಾಗಿ ಉದುರಿದ ಬಡ ಮಣ್ಣಿನಲ್ಲಿ ಬೇರೂರಿ ಬಾಳಿತು.

1973ರಲ್ಲಿ ಲಾಪಿಯೇರರು ಮನೆತನದ ತೋಟವನ್ನು ವಹಿಸಿಕೊಂಡಾಗ, ಆ ಸೀಮೆ ನವೆಂಬರಿನ ಹೊಸ ವೈನಿನ ಭರಾಟೆಗೆ ಸಿಲುಕುತ್ತಲಿತ್ತು: ರಸಕ್ಕೆ ಸಕ್ಕರೆ ಬೆರೆಸಿ, ಪೊಟ್ಟಣದ ಯೀಸ್ಟಿನಿಂದ ಹುದುಗೆಬ್ಬಿಸಿ, ಕೆಡದಂತೆ ಗಂಧಕ ಸೇರಿಸಿ, ತರಾತುರಿಯಿಂದ ಸೀಸೆಗೆ ತುಂಬುವುದು. 1981ರಲ್ಲಿ ಅವರಿಗೆ ಬೇರೆ ದಾರಿ ತೋರಿದವರು ಜೂಲ್ ಶೋವೆ. ವೈನ್ ವರ್ತಕರು, ಜೊತೆಗೆ ರಸಾಯನಶಾಸ್ತ್ರಜ್ಞರು. ರಾಸಾಯನಿಕಗಳನ್ನು ಬಿಡಿರೆಂಬ ಉಪದೇಶ ಬಂದದ್ದು ರಸಾಯನಶಾಸ್ತ್ರಜ್ಞರಿಂದಲೇ ಎಂಬುದನ್ನು, ‘ನೈಸರ್ಗಿಕ’ವೆಂಬ ಚೀಟಿ ಅಂಟಿಸಿ ಕೊಟ್ಟಿಗೆಯ ನಾತವನ್ನೂ ಮಾರುವ ಇಂದಿನ ಕೆಲವರು ಮರೆತಂತಿದೆ. ಗಂಧಕವನ್ನು ಬಿಡುವ ಧೈರ್ಯ ಶೋವೆಯವರಿಗೆ ಬಂದದ್ದು ಸೂಕ್ಷ್ಮದರ್ಶಕದಲ್ಲಿ ಯೀಸ್ಟಿನ ನಡತೆಯನ್ನು ಕಂಡದ್ದರಿಂದಲೇ ಹೊರತು ಪೂರ್ವಕಾಲದ ಮೋಹದಿಂದಲ್ಲ.

ಆ ಕ್ರಮವನ್ನು ನೆನೆಯುವುದೇ ನನಗೊಂದು ಸುಖ. ಹಣ್ಣು ಪೂರ್ಣಪಕ್ವವಾಗುವವರೆಗೆ ಕಾದು, ಕೈಯಿಂದ ಕೊಯ್ದು, ಕೊಳೆತುದನ್ನೆಲ್ಲ ಆರಿಸಿ ತೆಗೆದು, ಗೊಂಚಲುಗಳನ್ನು ಜಜ್ಜದೆ ಇಡಿಯಾಗಿಯೇ ತಂಪಾದ ತೊಟ್ಟಿಗೆ ತುಂಬುತ್ತಾರೆ. ಮೇಲಿನ ಭಾರಕ್ಕೆ ತಳದ ಹಣ್ಣು ಒಡೆದು, ತೋಟದಿಂದಲೇ ಬಂದ ಯೀಸ್ಟಿನಿಂದ ರಸ ಹುದುಗತೊಡಗುತ್ತದೆ. ಅದರಿಂದೆದ್ದ ಇಂಗಾಲಾಮ್ಲ ವಾಯು ತೊಟ್ಟಿಯನ್ನೆಲ್ಲ ವ್ಯಾಪಿಸಿ ಪ್ರಾಣವಾಯುವನ್ನು ಹೊರದೂಡಲು, ಮೇಲಣ ಒಡೆಯದ ಹಣ್ಣುಗಳು, ಬಳ್ಳಿಯಿಂದ ಬೇರ್ಪಟ್ಟರೂ ಜೀವ ಬಿಡದೆ, ತಮ್ಮ ಸಿಪ್ಪೆಯೊಳಗೇ ಸಕ್ಕರೆಯನ್ನು ಕಿಂಚಿತ್ತು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಹುಳಿ ತಗ್ಗುತ್ತದೆ, ಪರಿಮಳ ಹುಟ್ಟುತ್ತದೆ. ಆ ದಿನಗಳಲ್ಲಿ ಉಷ್ಣ ಏರಿತೆಂದರೆ ಬ್ಯಾಕ್ಟೀರಿಯಾ ಮೇಲುಗೈ ಪಡೆದು ತೊಟ್ಟಿಗೆ ತೊಟ್ಟಿಯೇ ಕೆಟ್ಟುಹೋದೀತು. ಏನನ್ನೂ ಬೆರೆಸದವನಿಗೆ ನಿದ್ರೆಯಿಲ್ಲ. ಬಳಿಕ ಹಿಂಡಿದ ವೈನು ಹಳೆಯ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ತನ್ನ ಗಸಿಯ ಮೇಲೆಯೇ ವಿಶ್ರಮಿಸುತ್ತದೆ.

ಇದನ್ನು ತುಸು ತಂಪಾಗಿಯೇ ಬಗ್ಗಿಸಿಕೊಳ್ಳಬೇಕು. ಬಿರಡೆ ತೆಗೆದ ಕೂಡಲೆ, ಒಳಗೆ ಉಳಿದ ವಾಯುವಿನ ಸಣ್ಣ ಚುರುಕು ನಾಲಗೆಗೆ ತಗಲುವುದುಂಟು. ಕೊಂಚ ತಾಳಿದರೆ ಅದು ಅಡಗಿ, ಕಳಿತ ಚೆರಿಹಣ್ಣಿನ ಕಂಪು ಮುಂದೆ ಬರುತ್ತದೆ. ಬಣ್ಣ ಒಮ್ಮೊಮ್ಮೆ ಮಬ್ಬು. ಒಗರು ಗಂಟಲನ್ನು ಹಿಡಿಯುವುದಿಲ್ಲವಾದ್ದರಿಂದ ಮಾತಿನ ನಡುವೆ ಲೋಟ ಬರಿದಾದದ್ದೇ ತಿಳಿಯದು. ವೈದ್ಯರಿಗೆ ಈ ಗುಣ ಮೆಚ್ಚಿಕೆಯಾಗದಿರಬಹುದು.

ಲಾಪಿಯೇರರ ಗೆಳೆಯರಾದ ಫೊಯಾರ್, ತೆವೆನೆ, ಬ್ರೆತೋನರೂ ಇದೇ ಹಾದಿ ಹಿಡಿದರು. 2010ರಲ್ಲಿ ಲಾಪಿಯೇರರು ತೀರಿಕೊಂಡ ಮೇಲೆ ಮಗ ಮ್ಯಾತಿಯು, ಮಗಳು ಕಮೀಯ್ ಕೆಲಸವನ್ನು ಮುಂದುವರಿಸಿದ್ದಾರೆ. ಗಂಧಕವೇ ಇಲ್ಲದ ಸೀಸೆಯನ್ನು 14 ಡಿಗ್ರಿಗಿಂತ ತಂಪಾಗಿ ಕಾಪಾಡಬೇಕಾದುದರಿಂದ, ಅತ್ಯಲ್ಪ ಗಂಧಕ ಸೇರಿಸಿದ ಸೀಸೆಯೂ ಆ ಮನೆಯಿಂದ ಬರುತ್ತದೆ. ಇದು ವ್ರತಭಂಗವೆಂದು ಮುನಿಯುವ ಮಡಿವಂತರಿದ್ದಾರೆ. ಸುಡುಬಿಸಿಲಿನ ಹಡಗುಕಟ್ಟೆಯಲ್ಲಿ ವಾರಗಟ್ಟಲೆ ಕಾದು ಬರಬೇಕಾದ ಸೀಸೆಯಾದರೆ, ನಾನು ಎರಡನೆಯದನ್ನೇ ಕೊಳ್ಳುವೆನು.